ನೆತ್ತರಿನ ನೀಲಿಯಿಂದ ಇಂಧನಕೋಶದವರೆಗೆ

ಸುಮಾರು 1706ರ ಮಾತು. ಬರ್ಲಿನ್ ನಗರದಲ್ಲಿ ಯೋಹಾನ್ ಯಾಕೋಬ್ ಡೀಸ್‌ಬಾಖ್ ಎಂಬ ಬಣ್ಣ ತಯಾರಕನಿದ್ದ. ಕೊಚಿನೀಲ್ ಎಂಬ ಹುಳುವನ್ನು ಒಣಗಿಸಿ, ಅದರ ಕಷಾಯಕ್ಕೆ ಪಟಿಕ, ಕಬ್ಬಿಣದ ಲವಣ ಮತ್ತು ಪೊಟ್ಯಾಶ್ ಬೆರೆಸಿ ಕೆಂಪು ಬಣ್ಣ ತಯಾರಿಸುತ್ತಿದ್ದ. ಒಂದು ದಿನ ಅವನಲ್ಲಿ ಪೊಟ್ಯಾಶ್ ಮುಗಿದುಹೋಯಿತು. ಯೋಹಾನ್ ಕೊನ್ರಾಡ್ ಡಿಪ್ಪೆಲ್ ಎಂಬಾತನಿಂದ ಸ್ವಲ್ಪ ಪೊಟ್ಯಾಶ್ ಕಡ ತಂದ. ಈ ಡಿಪ್ಪೆಲ್ ಪ್ರಾಣಿಗಳ ರಕ್ತವನ್ನು ಬಟ್ಟಿ ಇಳಿಸಿ ದುರ್ವಾಸನೆಯ ಒಂದು ಎಣ್ಣೆ ತೆಗೆದು, ಅದನ್ನೇ ಸರ್ವರೋಗಕ್ಕೂ ಮದ್ದೆಂದು ನಂಬಿದ್ದ ಮನುಷ್ಯ. ಅವನು ಕೊಟ್ಟದ್ದು ಆ ಎಣ್ಣೆಯನ್ನು ಶುದ್ಧಿ ಮಾಡಲು ಬಳಸಿ ಕೆಟ್ಟುಹೋಗಿದ್ದ ಪೊಟ್ಯಾಶ್. ಡೀಸ್‌ಬಾಖ್ ಅದನ್ನೇ ಕಷಾಯಕ್ಕೆ ಸುರಿದ. ಕೆಂಪು ಬರಬೇಕಾದ ಪಾತ್ರೆಯಲ್ಲಿ ಗಾಢವಾದ ನೀಲಿ ಬಣ್ಣ ಕಾಣಿಸಿಕೊಂಡಿತು.

ಜರ್ಮನಿಯ ರಸಾಯನಶಾಸ್ತ್ರಜ್ಞ ಸ್ಟಾಲ್ 1731ರಲ್ಲಿ ಬರೆದಿಟ್ಟ ಕಥೆ ಇದು. ‘ಪ್ರಶ್ಯನ್ ನೀಲಿ’ ಎಂದು ಜಗತ್ತಿಗೆ ಪರಿಚಯವಾದ ಬಣ್ಣ ಹುಟ್ಟಿದ್ದು ಹೀಗೆ. ಜಪಾನಿನ ಚಿತ್ರಕಾರ ಹೊಕುಸಾಯ್ 1831ರ ಸುಮಾರಿಗೆ ರಚಿಸಿದ ಪ್ರಸಿದ್ಧ ಮಹಾ ಅಲೆಯ ಚಿತ್ರದಲ್ಲಿರುವುದೂ ಇದೇ ನೀಲಿ.

ಇತ್ತ ನಮ್ಮ ಕಾಲದಲ್ಲಿ ಜಪಾನ್, ಚೀನಾ, ಕೊರಿಯಾ ಮುಂತಾದ ದೇಶಗಳ ಪ್ರಯೋಗಾಲಯಗಳಲ್ಲಿ ವಿಜ್ಞಾನಿಗಳು ಪ್ರಾಣಿಗಳ ರಕ್ತ, ಕತ್ತರಿಸಿ ಬಿಸಾಡಿದ ತಲೆಕೂದಲು, ಕೋಳಿಪುಕ್ಕ, ಸೀಗಡಿ ಚಿಪ್ಪು ಇವುಗಳನ್ನು ಸುಟ್ಟು ಇದ್ದಿಲು ಮಾಡುತ್ತಿದ್ದಾರೆ. ಹೊಗೆಯಿಲ್ಲದೆ ವಿದ್ಯುತ್ ಕೊಡುವ ಇಂಧನಕೋಶಗಳಲ್ಲಿ ದುಬಾರಿ ಪ್ಲಾಟಿನಂ ಮಾಡುವ ಕೆಲಸವನ್ನು ಈ ಇದ್ದಿಲಿನಿಂದ ಮಾಡಿಸಬೇಕೆಂಬುದು ಅವರ ಆಸೆ. ಮೂರು ಶತಮಾನಗಳ ಹಿಂದಿನ ಬಣ್ಣದ ಪಾತ್ರೆಗೂ ಇಂದಿನ ಈ ಕುಲುಮೆಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧವಿದೆ. ಇಂಗಾಲದ ನಡುವೆ ಸಾರಜನಕ ಹಿಡಿದಿಟ್ಟುಕೊಂಡ ಕಬ್ಬಿಣವೇ ಆ ಸಂಬಂಧದ ಕೊಂಡಿ.

ಗುಟ್ಟು ಬಯಲಾದದ್ದು

ಪ್ರಶ್ಯನ್ ನೀಲಿಯ ತಯಾರಿಕೆ ಬಹುಕಾಲ ಗುಟ್ಟಾಗಿಯೇ ಇತ್ತು. 1724ರಲ್ಲಿ ಇಂಗ್ಲೆಂಡಿನ ಜಾನ್ ವುಡ್‌ವರ್ಡ್ ಅದರ ವಿಧಾನವನ್ನು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ. ಎತ್ತಿನ ರಕ್ತವನ್ನು ಒಣಗಿಸಿ ಕ್ಷಾರದೊಂದಿಗೆ ಚೆನ್ನಾಗಿ ಸುಡಬೇಕು. ಸುಟ್ಟದ್ದನ್ನು ನೀರಿನಲ್ಲಿ ಕುದಿಸಿ ಸೋಸಬೇಕು. ಆ ನೀರಿಗೆ ಕಬ್ಬಿಣದ ಲವಣ ಮತ್ತು ಪಟಿಕ ಸೇರಿಸಿದರೆ ಬಣ್ಣ ಸಿದ್ಧ. ಅಲ್ಲಿಂದ ಮುಂದೆ ಯೂರೋಪಿನ ಬಣ್ಣದ ಕಾರ್ಖಾನೆಗಳು ಕಸಾಯಿಖಾನೆಯ ರಕ್ತ, ಕೊಂಬು, ಗೊರಸು, ಚರ್ಮದ ಚೂರುಗಳನ್ನು ಕೊಂಡು ಸುಡತೊಡಗಿದವು. ಈ ಕ್ರಿಯೆಯಲ್ಲಿ ಸಿಗುವ ಹಳದಿ ಲವಣಕ್ಕೆ ಜರ್ಮನ್ ಭಾಷೆಯಲ್ಲಿ ಇಂದಿಗೂ ‘ರಕ್ತಕ್ಷಾರದ ಲವಣ’ ಎಂಬ ಅರ್ಥದ ಹೆಸರೇ ಇದೆ.

ಪಾತ್ರೆಯಲ್ಲಿ ಆಗುತ್ತಿದ್ದುದೇನು? ರಕ್ತ, ಕೊಂಬು, ಗೊರಸುಗಳಲ್ಲಿ ಪ್ರೋಟೀನು ಹೇರಳ. ಪ್ರೋಟೀನಿನ ತೂಕದಲ್ಲಿ ಸುಮಾರು ಶೇಕಡಾ 16ರಷ್ಟು ಸಾರಜನಕ. ಗಾಳಿಯಾಡದಂತೆ ಕ್ಷಾರದೊಂದಿಗೆ ಸುಟ್ಟಾಗ ಇಂಗಾಲವೂ ಸಾರಜನಕವೂ ಜೋಡಿಯಾಗುತ್ತವೆ. ಈ ಜೋಡಿಗೆ ಕಬ್ಬಿಣದ ಮೇಲೆ ಬಲು ಮೋಹ. ಅದು ಕಬ್ಬಿಣವನ್ನು ಸುತ್ತುವರಿದು ಹಿಡಿದುಕೊಂಡಾಗ ನೀಲಿ ಬಣ್ಣ ಬರುತ್ತದೆ. 1782ರಲ್ಲಿ ಸ್ವೀಡನ್ನಿನ ಷೀಲೆ ಈ ಬಣ್ಣದಿಂದಲೇ ಒಂದು ಆಮ್ಲವನ್ನು ಬೇರ್ಪಡಿಸಿದ. ಪ್ರಶ್ಯನ್ ನೀಲಿಯಿಂದ ಬಂದದ್ದರಿಂದ ಅದಕ್ಕೆ ಪ್ರಸಿಕ್ ಆಮ್ಲ ಎಂಬ ಹೆಸರಾಯಿತು. ಫ್ರಾನ್ಸಿನ ಗೇ ಲುಸ್ಸಾಕ್ 1815ರಲ್ಲಿ ಇಂಗಾಲ ಮತ್ತು ಸಾರಜನಕದ ಆ ಜೋಡಿಗೆ ನೀಲಿ ಎಂಬ ಅರ್ಥದ ಗ್ರೀಕ್ ಪದದಿಂದ ಹೆಸರಿಟ್ಟ. ಸೈನೈಡ್ ಎಂಬ ಭಯಂಕರ ವಿಷದ ಹೆಸರಿನ ಮೂಲ ಇದೇ. ಸೈನೈಡಿಗೆ ಕಬ್ಬಿಣದ ಮೇಲಿರುವ ಈ ಮೋಹವನ್ನು ಓದುಗರು ನೆನಪಿಡಬೇಕು. ಕಥೆಯಲ್ಲಿ ಅದು ಮತ್ತೆ ಬರುತ್ತದೆ.

ವಕೀಲನ ಬ್ಯಾಟರಿ

ಈಗ ಇಂಧನಕೋಶದ ಕಥೆಗೆ ಬರೋಣ. ಇದು ಹುಟ್ಟಿದ್ದು ವಿಲಿಯಂ ರಾಬರ್ಟ್ ಗ್ರೋವ್ ಎಂಬ ವಕೀಲನ ಕೈಯಲ್ಲಿ. ವೇಲ್ಸ್ ಪ್ರಾಂತ್ಯದ ಸ್ವಾನ್‌ಸಿ ಊರಿನವನಾದ ಗ್ರೋವ್ ಮುಂದೆ ನ್ಯಾಯಾಧೀಶನೂ ಆದ. ವಿಜ್ಞಾನ ಅವನ ಇನ್ನೊಂದು ವ್ಯಸನ. ವಿದ್ಯುತ್ ಹಾಯಿಸಿದರೆ ನೀರು ಒಡೆದು ಜಲಜನಕ ಮತ್ತು ಆಮ್ಲಜನಕ ಬರುತ್ತವೆಂಬುದು ಆಗ ಗೊತ್ತಿತ್ತು. ಅವೆರಡನ್ನೂ ಮತ್ತೆ ಕೂಡಿಸಿದರೆ ವಿದ್ಯುತ್ ವಾಪಸು ಸಿಗಬೇಕಲ್ಲವೇ? ಸಿಗುತ್ತದೆ ಎಂದು ಗ್ರೋವ್ 1839ರಲ್ಲಿ ಪ್ರಕಟಿಸಿದ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದ ಶೋನ್‌ಬೈನ್ ಎಂಬ ವಿಜ್ಞಾನಿಯೂ ಅದೇ ವರ್ಷ ಅದೇ ಪರಿಣಾಮವನ್ನು ವರದಿ ಮಾಡಿದ್ದ. 1842ರಲ್ಲಿ ಗ್ರೋವ್ ಇಂಥ ಕೋಶಗಳನ್ನು ಸಾಲಾಗಿ ಜೋಡಿಸಿ ತನ್ನ ‘ಅನಿಲ ಬ್ಯಾಟರಿ’ಯನ್ನು ತಯಾರಿಸಿದ. ದುರ್ಬಲ ಗಂಧಕಾಮ್ಲದಲ್ಲಿ ನಿಲ್ಲಿಸಿದ ಗಾಜಿನ ಕೊಳವೆಗಳು, ಒಂದರಲ್ಲಿ ಜಲಜನಕ, ಇನ್ನೊಂದರಲ್ಲಿ ಆಮ್ಲಜನಕ, ಎರಡರಲ್ಲೂ ಪ್ಲಾಟಿನಂ ಹಾಳೆ.

ಅಲ್ಲಿ ಒಳಹೊಕ್ಕ ಪ್ಲಾಟಿನಂ ಮತ್ತೆ ಹೊರಗೆ ಹೋಗಲೇ ಇಲ್ಲ. ಕಾರಣ ಹೀಗಿದೆ. ಇಂಧನಕೋಶದ ಒಂದು ಬದಿಯಲ್ಲಿ ಜಲಜನಕ ತನ್ನ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಅವು ತಂತಿಯ ಮೂಲಕ ಹರಿಯುವಾಗ ನಮಗೆ ವಿದ್ಯುತ್ ಸಿಗುತ್ತದೆ. ಇನ್ನೊಂದು ಬದಿಯಲ್ಲಿ ಆಮ್ಲಜನಕ ಆ ಎಲೆಕ್ಟ್ರಾನುಗಳನ್ನು ಪಡೆದು ನೀರಾಗುತ್ತದೆ. ಜಲಜನಕದ ಕೆಲಸ ಸಲೀಸು. ಆಮ್ಲಜನಕದ್ದು ಹಾಗಲ್ಲ. ಅದರ ಅಣುವಿನಲ್ಲಿ ಎರಡು ಪರಮಾಣುಗಳು ಬಿಗಿಯಾಗಿ ಅಪ್ಪಿಕೊಂಡಿವೆ. ಅವನ್ನು ಬಿಡಿಸಬೇಕು, ನಾಲ್ಕು ಎಲೆಕ್ಟ್ರಾನುಗಳನ್ನು ಸೇರಿಸಬೇಕು. ಲೆಕ್ಕದ ಪ್ರಕಾರ ಒಂದು ಕೋಶ 1.23 ವೋಲ್ಟ್ ಕೊಡಬೇಕು. ಕೆಲಸಕ್ಕೆ ಹಚ್ಚಿದಾಗ ಸಿಗುವುದು ಸುಮಾರು 0.6ರಿಂದ 0.7 ವೋಲ್ಟ್. ಈ ನಷ್ಟದ ದೊಡ್ಡ ಪಾಲು ಆಮ್ಲಜನಕದ ನಿಧಾನಗತಿಯಿಂದಲೇ ಆಗುತ್ತದೆ. ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವಿಗೆ ಕ್ರಿಯಾವರ್ಧಕ ಎನ್ನುತ್ತಾರೆ. ಆಮ್ಲದ ನಡುವೆ ಕರಗದೆ, ತುಕ್ಕು ಹಿಡಿಯದೆ ಈ ಕೆಲಸ ಮಾಡಬಲ್ಲ ಕ್ರಿಯಾವರ್ಧಕಗಳಲ್ಲಿ ಪ್ಲಾಟಿನಂಗೆ ಮೊದಲ ಸ್ಥಾನ.

1889ರಲ್ಲಿ ಲುಡ್ವಿಗ್ ಮಾಂಡ್ ಮತ್ತು ಕಾರ್ಲ್ ಲ್ಯಾಂಗರ್ ಇಂಗ್ಲೆಂಡಿನಲ್ಲಿ ಇನ್ನೂ ಉತ್ತಮವಾದ ಕೋಶ ತಯಾರಿಸಿದರು. ಪ್ಲಾಟಿನಂನ ಬೆಲೆ ಅವರಿಗೂ ಅಡ್ಡಿಯಾಯಿತು. ಇಂಗ್ಲೆಂಡಿನ ಇಂಜಿನಿಯರ್ ಫ್ರಾನ್ಸಿಸ್ ಥಾಮಸ್ ಬೇಕನ್ 1932ರಿಂದ ದುಡಿದು, ಆಮ್ಲದ ಬದಲು ಕ್ಷಾರವನ್ನು, ಪ್ಲಾಟಿನಂ ಬದಲು ನಿಕ್ಕಲನ್ನು ಬಳಸಿ 1959ರಲ್ಲಿ 5 ಕಿಲೋವ್ಯಾಟಿನ ಯಂತ್ರವನ್ನು ಪ್ರದರ್ಶಿಸಿದ. ಆ ಕ್ಷಾರದ ಹಾದಿಯೇ ಮುಂದೆ ಅಪೊಲೊ ನೌಕೆಗಳಿಗೆ ವಿದ್ಯುತ್ತನ್ನೂ ಯಾತ್ರಿಗಳಿಗೆ ಕುಡಿಯುವ ನೀರನ್ನೂ ಕೊಟ್ಟಿತು. 1965ರ ಜೆಮಿನಿ-5 ನೌಕೆಯಲ್ಲಿ ಹಾರಿದ್ದು ತೆಳುಪೊರೆಯ ಆಮ್ಲೀಯ ಕೋಶ. ಅದರಲ್ಲಿ ಪ್ಲಾಟಿನಂ ಇತ್ತು. ಬಾಹ್ಯಾಕಾಶ ಯಾನದಲ್ಲಿ ಖರ್ಚಿನ ಲೆಕ್ಕ ಯಾರೂ ಕೇಳಲಿಲ್ಲ. ಇಂದು ರಸ್ತೆಯಲ್ಲಿ ಓಡುವ ಜಲಜನಕದ ಕಾರುಗಳಲ್ಲಿರುವುದು ಈ ತೆಳುಪೊರೆಯ ಕೋಶದ ವಂಶವೇ. ಒಂದೊಂದು ಕಾರಿಗೆ ಹತ್ತಾರು ಗ್ರಾಂ ಪ್ಲಾಟಿನಂ ಬೇಕು. ಆದರೆ ಜಗತ್ತಿನ ಗಣಿಗಳಿಂದ ವರ್ಷಕ್ಕೆ ಬರುವ ಪ್ಲಾಟಿನಂ 200 ಟನ್ನಿಗೂ ಕಡಿಮೆ. ಅದರ ಹತ್ತಿರ ಹತ್ತಿರ ಮುಕ್ಕಾಲು ಪಾಲು ದಕ್ಷಿಣ ಆಫ್ರಿಕ ಒಂದರಿಂದಲೇ ಬರುತ್ತದೆ.

ಇದ್ದಿಲು ಉಸಿರಾಡಿದಾಗ

ಆಮ್ಲಜನಕವನ್ನು ನೀರಾಗಿಸುವ ಇದೇ ಕೆಲಸವನ್ನು ಪ್ಲಾಟಿನಂ ಇಲ್ಲದೆ ಮಾಡುವ ಒಂದು ಯಂತ್ರ ನಮ್ಮೆಲ್ಲರ ಬಳಿ ಇದೆ. ಅದು ನಮ್ಮ ದೇಹ. ನಾವು ಒಳಗೆಳೆದುಕೊಂಡ ಆಮ್ಲಜನಕ ಜೀವಕೋಶಗಳಲ್ಲಿ ಎಲೆಕ್ಟ್ರಾನುಗಳನ್ನು ಪಡೆದು ನೀರಾಗುತ್ತದೆ, ಅದೂ ಮೈಬಿಸಿಯಲ್ಲಿಯೇ. ಇದನ್ನು ಮಾಡಿಸುವುದು ಯಾವುದು ಎಂಬ ಪ್ರಶ್ನೆಯನ್ನು ಬರ್ಲಿನ್ನಿನ ಜೀವರಸಾಯನ ವಿಜ್ಞಾನಿ ಓಟೊ ವಾರ್ಬುರ್ಗ್ ಹಿಡಿದ. ಜೀವಕೋಶದೊಳಗೆ ಇಣುಕಿ ನೋಡುವ ಉಪಕರಣಗಳು ಆಗ ಇರಲಿಲ್ಲ. ಹಾಗಾಗಿ ಅವನು ಕೋಶಕ್ಕೆ ಬದಲಾಗಿ ಇದ್ದಿಲನ್ನು ಆರಿಸಿಕೊಂಡ. ಅದು ಪ್ರಾಣಿಗಳ ರಕ್ತವನ್ನು ಸುಟ್ಟು ಮಾಡಿದ ಇದ್ದಿಲು.

1920ರ ದಶಕದ ಮೊದಲ ವರ್ಷಗಳಲ್ಲಿ ನಡೆದ ಪ್ರಯೋಗ ಹೀಗಿತ್ತು. ರಕ್ತದ ಇದ್ದಿಲಿಗೆ ಅಮೈನೊ ಆಮ್ಲದ ದ್ರಾವಣ ಹಾಕಿ, ಆಮ್ಲಜನಕದೊಂದಿಗೆ ಅಲುಗಾಡಿಸಿದರೆ, ದೇಹದಷ್ಟೇ ಬಿಸಿಯಲ್ಲಿ ಅಮೈನೊ ಆಮ್ಲ ಉರಿದು ಇಂಗಾಲದ ಡೈಆಕ್ಸೈಡ್ ಮತ್ತು ಅಮೋನಿಯ ಹೊರಬಂದವು. ಜೀವವಿಲ್ಲದ ಇದ್ದಿಲು ಉಸಿರಾಡಿದಂತೆಯೇ ಆಯಿತು. ಬಳಿಕ ಅತ್ಯಲ್ಪ ಪ್ರಸಿಕ್ ಆಮ್ಲ ಸೇರಿಸಿದ. ಜೀವಕೋಶದ ಉಸಿರು ನಿಲ್ಲುವ ಹಾಗೆಯೇ ಇದ್ದಿಲಿನ ಉಸಿರೂ ಕುಸಿಯಿತು. ಪ್ರಶ್ಯನ್ ನೀಲಿಯಿಂದ ಹೆಸರು ಪಡೆದ ಆ ವಿಷ ಹುಡುಕುವುದು ಕಬ್ಬಿಣವನ್ನು. ಹಾಗಾದರೆ ಕೆಲಸ ಮಾಡುತ್ತಿರುವುದು ಕಬ್ಬಿಣವೇ ಇರಬೇಕು ಎಂದು ವಾರ್ಬುರ್ಗ್ ತರ್ಕಿಸಿದ.

ಆದರೆ ಬರೀ ಕಬ್ಬಿಣವೇ? ಸಕ್ಕರೆ ಸುಟ್ಟು ಮಾಡಿದ ಇದ್ದಿಲಿನಲ್ಲಿ ಕಬ್ಬಿಣವೂ ಇಲ್ಲ, ಸಾರಜನಕವೂ ಇಲ್ಲ. ಅದು ಬಹುಮಟ್ಟಿಗೆ ಸುಮ್ಮನಿತ್ತು. ರಕ್ತದ ಕೆಂಪಿನ ಸಾರವಾದ ಹೀಮಿನ್ ಸುಟ್ಟು ಮಾಡಿದ ಇದ್ದಿಲು ಚುರುಕಾಗಿತ್ತು. 1924ರಲ್ಲಿ ವಾರ್ಬುರ್ಗ್ ಮತ್ತು ಬ್ರೆಫೆಲ್ಡ್ ಪ್ರಕಟಿಸಿದ ಪ್ರಬಂಧದ ವಿಷಯವೇ ಸಾರಜನಕವುಳ್ಳ ಇದ್ದಿಲುಗಳನ್ನು ಕಬ್ಬಿಣದಿಂದ ಚುರುಕುಗೊಳಿಸುವುದು. ಬಳಿಕ ಕೇಂಬ್ರಿಜ್‌ನ ರೀಡೀಲ್ ಮತ್ತು ರೈಟ್ ಕೂಡ ಇದ್ದಿಲಿನ ಮೇಲ್ಮೈಯಲ್ಲಿ ಕಬ್ಬಿಣ, ಇಂಗಾಲ, ಸಾರಜನಕ ಮೂರೂ ಕೂಡಿರುವ ಜಾಗಗಳೇ ಹೆಚ್ಚು ಚುರುಕು ಎಂದು ತೋರಿಸಿದರು. ಉಸಿರಾಟದ ಕಿಣ್ವದ ಸ್ವರೂಪ ಕಂಡುಹಿಡಿದದ್ದಕ್ಕಾಗಿ ವಾರ್ಬುರ್ಗ್‌ಗೆ 1931ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಇಂಧನಕೋಶದ ಮಂದಿ ಮಾತ್ರ ಈ ಇದ್ದಿಲಿನತ್ತ ತಿರುಗಿ ನೋಡಲಿಲ್ಲ. ಜೀವಶಾಸ್ತ್ರದ ಪತ್ರಿಕೆಯನ್ನು ವಿದ್ಯುತ್ತಿನ ಇಂಜಿನಿಯರುಗಳು ಓದುವ ರೂಢಿ ಇರಲಿಲ್ಲವೆಂದು ಕಾಣುತ್ತದೆ.

ಮತ್ತೊಂದು ನೀಲಿ, ಮತ್ತೊಬ್ಬ ಡೀಸ್‌ಬಾಖ್

ಕೊನೆಗೆ ಅವರು ಅಲ್ಲಿಗೆ ತಲುಪಿದ್ದು ಇನ್ನೊಂದು ನೀಲಿ ಬಣ್ಣದ ಮೂಲಕ. 1927ರಲ್ಲಿ ಸ್ವಿಟ್ಜರ್ಲೆಂಡಿನ ಫ್ರಿಬೂರ್ಗ್‌ನಲ್ಲಿ ಇಬ್ಬರು ರಸಾಯನಶಾಸ್ತ್ರಜ್ಞರಿಗೆ ಬೇರೇನನ್ನೋ ತಯಾರಿಸುವಾಗ ತಾಮ್ರವುಳ್ಳ ಗಾಢ ನೀಲಿ ವಸ್ತು ಸಿಕ್ಕಿತು. ಅವರಲ್ಲಿ ಒಬ್ಬನ ಹೆಸರು ಕಾಕತಾಳೀಯವಾಗಿ ಡೀಸ್‌ಬಾಖ್. ಮರುವರ್ಷ ಸ್ಕಾಟ್ಲೆಂಡಿನ ಗ್ರೇಂಜ್‌ಮತ್‌ನ ಬಣ್ಣದ ಕಾರ್ಖಾನೆಯೊಂದರಲ್ಲಿ ಪಾತ್ರೆಯ ಗಾಜಿನ ಲೇಪ ಬಿರುಕುಬಿಟ್ಟು, ಒಳಗಿನ ವಸ್ತು ಹೊರಕವಚದ ಕಬ್ಬಿಣಕ್ಕೆ ತಾಗಿತು. ಅಲ್ಲಿಯೂ ನೀಲಿಯ ಕಲೆ ಕಾಣಿಸಿತು. ಇದೇ ಥಾಲೊಸಯನಿನ್ ಎಂಬ ಬಣ್ಣದ ಕುಟುಂಬ. ಲಂಡನ್ನಿನ ಲಿನ್‌ಸ್ಟೆಡ್ 1934ರಲ್ಲಿ ಇದರ ರಚನೆಯನ್ನು ಬಿಡಿಸಿದಾಗ, ನಡುವೆ ಒಂದು ಲೋಹದ ಪರಮಾಣು, ಅದನ್ನು ಹಿಡಿದ ನಾಲ್ಕು ಸಾರಜನಕ, ಸುತ್ತ ಇಂಗಾಲದ ಬಳೆ ಕಂಡವು. ರಕ್ತದ ಹೀಮ್‌ನಲ್ಲಿ ಕಬ್ಬಿಣ ಕುಳಿತಿರುವುದೂ ಇಂಥದೇ ಪೀಠದಲ್ಲಿ.

1964ರಲ್ಲಿ ಅಮೆರಿಕದ ರೇಮಂಡ್ ಜಸಿನ್‌ಸ್ಕಿ ಕೋಬಾಲ್ಟ್ ಥಾಲೊಸಯನಿನ್ ಅನ್ನು ಕ್ಷಾರದ ಇಂಧನಕೋಶದಲ್ಲಿಟ್ಟು, ಪ್ಲಾಟಿನಂ ಇಲ್ಲದೆಯೇ ಅದು ಆಮ್ಲಜನಕದ ಕೆಲಸ ಮಾಡುವುದನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ. ಆದರೆ ಈ ಅಣುಗಳು ಆಮ್ಲದಲ್ಲಿ ಬೇಗ ಹಾಳಾಗುತ್ತಿದ್ದವು. 1970ರ ದಶಕದಲ್ಲಿ ಜರ್ಮನಿಯ ಸಂಶೋಧಕರು ಅವನ್ನು ಇಂಗಾಲದೊಂದಿಗೆ ಬೆರೆಸಿ ನೂರಾರು ಡಿಗ್ರಿ ಬಿಸಿಯಲ್ಲಿ ಸುಟ್ಟರು. ಅಂದವಾದ ಅಣು ಒಡೆದುಹೋದರೂ ಕ್ರಿಯಾವರ್ಧಕ ಮೊದಲಿಗಿಂತ ಗಟ್ಟಿಯಾಯಿತು. 1989ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಅರ್ನೆಸ್ಟ್ ಯೇಗರ್ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ದುಬಾರಿ ಬಣ್ಣದ ಅಣು ಏಕೆ? ಸಾರಜನಕವುಳ್ಳ ಸಾಮಾನ್ಯ ಪಾಲಿಮರು, ಲೋಹದ ಲವಣ, ಇಂಗಾಲದ ಪುಡಿ ಇಷ್ಟನ್ನು ಬೆರೆಸಿ ಸುಟ್ಟರೂ ಕೆಲಸ ಆಗುತ್ತದೆ ಎಂದು ತೋರಿಸಿತು. ವಾರ್ಬುರ್ಗ್ 65 ವರ್ಷಗಳ ಹಿಂದೆ ನಿಂತಿದ್ದ ಜಾಗಕ್ಕೆ ಇಂಧನಕೋಶದ ವಿಜ್ಞಾನ ಸುತ್ತುಬಳಸಿ ಬಂದು ಸೇರಿತು.

ಬೆಂಗಳೂರಿಗೂ ಈ ಕಥೆಯಲ್ಲಿ ಸ್ವಲ್ಪ ಪಾಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಎ.ಕೆ. ಶುಕ್ಲಾ ಮತ್ತು ಸಂಗಡಿಗರು ಜಲಜನಕದ ಬದಲು ದ್ರವರೂಪದ ಮೆಥನಾಲ್ ಬಳಸುವ ಇಂಧನಕೋಶಗಳ ಮೇಲೆ ಬಹುಕಾಲ ದುಡಿದರು. ಅಂಥ ಕೋಶದಲ್ಲಿ ಮೆಥನಾಲ್ ಪೊರೆಯ ಮೂಲಕ ಸೋರಿ ಆಮ್ಲಜನಕದ ಬದಿಗೆ ಬಂದರೆ ಪ್ಲಾಟಿನಂ ಅದಕ್ಕೂ ಕೈಹಾಕಿ ಕೆಲಸ ಕೆಡಿಸಿಕೊಳ್ಳುತ್ತದೆ. ಸಾರಜನಕ ಹಿಡಿದ ಕಬ್ಬಿಣದಂಥ ಕ್ರಿಯಾವರ್ಧಕಗಳು ಮೆಥನಾಲಿನ ಗೊಡವೆಗೆ ಹೋಗುವುದಿಲ್ಲ. ಮೆಥನಾಲಿಗೆ ಜಗ್ಗದ ಕ್ರಿಯಾವರ್ಧಕಗಳ ಬಗ್ಗೆ ಶುಕ್ಲಾ ಮತ್ತು ರಾಮನ್ 2003ರಲ್ಲಿ ವಿಸ್ತಾರವಾದ ಸಮೀಕ್ಷೆಯೊಂದನ್ನೂ ಪ್ರಕಟಿಸಿದರು.

ತಿಪ್ಪೆಯಿಂದ ಕುಲುಮೆಗೆ

ಸಾರಜನಕವುಳ್ಳ ಯಾವ ವಸ್ತುವನ್ನಾದರೂ ಸುಡಬಹುದು ಎಂದಾದ ಮೇಲೆ, ನಾವು ಬಿಸಾಡುವ ವಸ್ತುಗಳ ಕಡೆ ಕಣ್ಣು ಹೋಗುವುದು ಸಹಜ. ಜಪಾನಿನ ಒಸಾಕ ನಗರದ ತಾಂತ್ರಿಕ ಸಂಶೋಧನಾ ಸಂಸ್ಥೆಯಲ್ಲಿ ಜುನ್ ಮರುಯಾಮ ಮತ್ತು ಇಕುವೊ ಅಬೆ 2005ರಲ್ಲಿ ಕೆಟಲೇಸ್ ಎಂಬ ಕಬ್ಬಿಣವುಳ್ಳ ಕಿಣ್ವವನ್ನು, 2006ರಲ್ಲಿ ರಕ್ತದ ಹೀಮೊಗ್ಲೋಬಿನ್ ಅನ್ನೇ ಸುಟ್ಟು ಇಂಧನಕೋಶದ ಕ್ರಿಯಾವರ್ಧಕ ತಯಾರಿಸಿದರು. ಹೀಮೊಗ್ಲೋಬಿನ್‌ನಲ್ಲಿ ಇಂಗಾಲ, ಸಾರಜನಕ, ಕಬ್ಬಿಣ ಮೂರೂ ಒಟ್ಟಿಗೇ ಇವೆ. ಹೊರಗಿನಿಂದ ಸೇರಿಸುವ ಅಗತ್ಯವೇ ಇಲ್ಲ. ಚೀನಾದ ಸಂಶೋಧಕರು ಹಂದಿಯ ರಕ್ತ ಹಿಡಿದರು. 2014ರಲ್ಲಿ ಕೊರಿಯಾದ ತಂಡವೊಂದು ಮನುಷ್ಯರ ಮೂತ್ರವನ್ನು ಒಣಗಿಸಿ ಸುಟ್ಟು ರಂಧ್ರಮಯ ಇಂಗಾಲ ಮಾಡಿತು. ಕೆರೆಗಳನ್ನು ನುಂಗುವ ಅಂತರಗಂಗೆಯನ್ನೂ ಬಿಡಲಿಲ್ಲ.

ವಿಧಾನ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಕಸವನ್ನು ಒಣಗಿಸಿ ಪುಡಿ ಮಾಡುತ್ತಾರೆ. ಗಾಳಿ ಸೋಕದಂತೆ ಸಾರಜನಕ ಅಥವಾ ಆರ್ಗಾನ್ ಅನಿಲದಲ್ಲಿ 800ರಿಂದ 1000 ಡಿಗ್ರಿವರೆಗೆ ಕಾಯಿಸುತ್ತಾರೆ. ಅನಿಲಗಳು ಒಳಗೆ ನುಗ್ಗಲು ಸೂಕ್ಷ್ಮ ರಂಧ್ರಗಳು ಬೇಕು. ಅದಕ್ಕಾಗಿ ಪೊಟ್ಯಾಶಿಯಂ ಹೈಡ್ರಾಕ್ಸೈಡಿನಂಥ ಕ್ಷಾರ ಸೇರಿಸಿ ಸುಡುವುದುಂಟು. ಡಿಪ್ಪೆಲ್‌ನ ಪೊಟ್ಯಾಶ್ ಈ ಪಾಕದಲ್ಲಿಯೂ ಹತ್ತಿರದ ನೆಂಟನ ರೂಪದಲ್ಲಿ ಬಂದು ಕುಳಿತಿದೆ. ಕೊನೆಗೆ ಆಮ್ಲದಲ್ಲಿ ತೊಳೆದು, ಸಡಿಲವಾಗಿ ಅಂಟಿದ ಕಬ್ಬಿಣದ ಕಣಗಳನ್ನು ತೆಗೆಯುತ್ತಾರೆ. ಸಾರಜನಕ ಬಿಗಿಯಾಗಿ ಹಿಡಿದ ಕಬ್ಬಿಣ ಮಾತ್ರ ಉಳಿಯುತ್ತದೆ.

ಇದರಿಂದ ಇನ್ನೊಂದು ಉಪಕಾರವೂ ಆದೀತು. ಕಸಾಯಿಖಾನೆಯ ರಕ್ತ ಚರಂಡಿ ಸೇರಿದರೆ ನೀರಿಗೆ ಭಾರೀ ಅಪಾಯ. ಒಂದು ಲೀಟರ್ ರಕ್ತ ಕೊಳೆಯುವಾಗ ಸೂಕ್ಷ್ಮಜೀವಿಗಳು ಒಂದೂವರೆ ಲಕ್ಷ ಮಿಲಿಗ್ರಾಂ, ಅಂದರೆ 150 ಗ್ರಾಂನಷ್ಟು ಆಮ್ಲಜನಕವನ್ನು ಹೀರಬಲ್ಲವು. ಶುಭ್ರವಾದ ಒಂದು ಲೀಟರ್ ನೀರಿನಲ್ಲಿ ಕರಗಿರುವ ಆಮ್ಲಜನಕ ಎಂಟೊಂಬತ್ತು ಮಿಲಿಗ್ರಾಂ ಮಾತ್ರ. ಇಂಥ ರಕ್ತ ಹೊಳೆಗೆ ಹರಿದರೆ ಮೀನುಗಳ ಗತಿ ಏನೆಂದು ಹೇಳಬೇಕಾಗಿಲ್ಲ.

ಬಾಳಿಕೆಯ ಪ್ರಶ್ನೆ

ಹಾಗಾದರೆ ಪ್ಲಾಟಿನಂನ ಕಾಲ ಮುಗಿಯಿತೇ? ಅಷ್ಟು ಬೇಗ ಹೇಳುವಂತಿಲ್ಲ. ಕ್ಷಾರದಲ್ಲಿ ಈ ಇದ್ದಿಲುಗಳು ಪ್ಲಾಟಿನಂಗೆ ಸರಿಸಾಟಿಯಾಗಿ ನಿಂತ ವರದಿಗಳು ಬಹಳ. ಕಾರುಗಳಲ್ಲಿ ಬಳಸುವ ಆಮ್ಲೀಯ ಪೊರೆಯ ಕೋಶದಲ್ಲಿ ಅವು ಬೇಗ ಸೋಲುತ್ತವೆ. ಆಮ್ಲಜನಕ ಪೂರ್ತಿ ನೀರಾಗದೆ ಅರ್ಧದಲ್ಲಿ ನಿಂತರೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಅದು ಕಬ್ಬಿಣದ ಸಂಗಡ ಸೇರಿ ಇಂಗಾಲವನ್ನೂ ಪೊರೆಯನ್ನೂ ಕೊರೆಯುತ್ತದೆ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯ 2011ರಲ್ಲಿ ಪಾಲಿಮರಿನಿಂದ ತಯಾರಿಸಿದ ಇಂಥ ಕ್ರಿಯಾವರ್ಧಕವನ್ನು 700 ಗಂಟೆ ಓಡಿಸಿದ್ದು ದೊಡ್ಡ ಸುದ್ದಿಯಾಯಿತು. ಆದರೆ ಕಾರಿನ ಇಂಧನಕೋಶ ಕಡಿಮೆಯೆಂದರೂ 5000 ಗಂಟೆ ಬಾಳಬೇಕು. 2017ರಲ್ಲಿ ಕೆನಡಾದ ಬಲಾರ್ಡ್ ಕಂಪನಿ ಜಪಾನಿನ ನಿಶಿನ್‌ಬೊ ಜೊತೆಗೂಡಿ, ಆಮ್ಲಜನಕದ ಬದಿಯಲ್ಲಿ ಪ್ಲಾಟಿನಂ ಇಲ್ಲದ ಕೋಶವೊಂದನ್ನು ಮಾರುಕಟ್ಟೆಗೆ ತರುವುದಾಗಿ ಪ್ರಕಟಿಸಿತು. ಅದರ ಸಾಮರ್ಥ್ಯ 30 ವ್ಯಾಟ್. ಸಣ್ಣ ದೀಪಕ್ಕೆ ಸಾಕು, ಕಾರಿಗೆ ಸಾಲದು.

ದೇಹ ಈ ತೊಂದರೆಯನ್ನು ತನ್ನದೇ ರೀತಿಯಲ್ಲಿ ನಿಭಾಯಿಸುತ್ತದೆ. ಪೆರಾಕ್ಸೈಡನ್ನು ಒಡೆಯಲು ಅದರಲ್ಲಿ ಕೆಟಲೇಸ್ ಇದೆ. ಅದರ ಮೇಲೆ ಹಳೆಯ ಸಾಮಾನನ್ನು ಬಿಸಾಡಿ ಹೊಸದನ್ನು ಮಾಡುತ್ತಲೇ ಇರುತ್ತದೆ. ಒಂದು ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಇಂಧನಕೋಶಕ್ಕೆ ಇಂಥ ಸ್ವಯಂ ರಿಪೇರಿ ತಿಳಿಯದು.

ಕಸ ಪುಕ್ಕಟೆ ಎಂಬ ಮಾತನ್ನೂ ಸ್ವಲ್ಪ ಅಳೆದು ನೋಡಬೇಕು. ರಕ್ತದಲ್ಲಿ ಐದರಲ್ಲಿ ನಾಲ್ಕು ಪಾಲು ನೀರು. ಅದನ್ನು ಒಣಗಿಸಲು, ಕುಲುಮೆ ಕಾಯಿಸಲು ಶಕ್ತಿ ಬೇಕು. ಒಂದು ಲೀಟರಿನಲ್ಲಿರುವ ಕಬ್ಬಿಣ ಅರ್ಧ ಗ್ರಾಂ ಮಾತ್ರ. ಇಂದಿನ ಕಸದ ಗುಣ ನಾಳಿನ ಕಸಕ್ಕೆ ಇರುವುದಿಲ್ಲ. ಕಾರ್ಖಾನೆಗೆ ಬೇಕಾದದ್ದು ಒಂದೇ ಹದದ ಸರಕು. ಇಷ್ಟಕ್ಕೂ ಒಣಗಿಸಿದ ರಕ್ತ ಗೊಬ್ಬರವಾಗಿ, ಪಶು ಆಹಾರವಾಗಿ ಈಗಾಗಲೇ ಮಾರಾಟವಾಗುತ್ತದೆ.

ಇಷ್ಟೆಲ್ಲ ತೊಡಕಿದ್ದರೂ ಈ ಹುಡುಕಾಟವನ್ನು ಕೈಬಿಡಲಾಗದು ಎನ್ನುವುದಕ್ಕೆ ಬೆಲೆಯೊಂದೇ ಕಾರಣವಲ್ಲ. 2012ರ ಆಗಸ್ಟ್ 16ರಂದು ದಕ್ಷಿಣ ಆಫ್ರಿಕದ ಮರಿಕಾನದಲ್ಲಿ ಕೂಲಿ ಹೆಚ್ಚಳ ಕೇಳಿ ಮುಷ್ಕರ ಹೂಡಿದ್ದ ಗಣಿ ಕಾರ್ಮಿಕರ ಮೇಲೆ ಪೊಲೀಸರು ಗುಂಡು ಹಾರಿಸಿದರು. 34 ಮಂದಿ ಸತ್ತರು. ಅದು ಪ್ಲಾಟಿನಂ ಗಣಿ. ಹೊಗೆಯಿಲ್ಲದ ಕಾರಿನ ಲೆಕ್ಕದಲ್ಲಿ ಈ ಬೆಲೆಯೂ ಸೇರಬೇಕು.

ಡೀಸ್‌ಬಾಖ್‌ನ ಪಾತ್ರೆಯಲ್ಲಿ ನೀಲಿ ಕಂಡ ದಿನದಿಂದ ಅದರ ಕಾರಣ ತಿಳಿಯಲು ಶತಮಾನಗಳೇ ಬೇಕಾದವು. ವಾರ್ಬುರ್ಗ್‌ನ ಇದ್ದಿಲು ಇಂಧನಕೋಶದ ಪ್ರಯೋಗಾಲಯ ತಲುಪಲು ಇನ್ನೂ ಆರೇಳು ದಶಕ ಹಿಡಿದವು. 700 ಗಂಟೆಗೂ 5000 ಗಂಟೆಗೂ ನಡುವಿನ ದಾರಿಯನ್ನು ಕ್ರಮಿಸಲು ಎಷ್ಟು ವರ್ಷ ಬೇಕೋ, ಕುಲುಮೆಯ ಮುಂದೆ ಕುಳಿತವರೇ ಹೇಳಬೇಕು.